ಕುಶಲಿಗಳಿಗೆ ಮನ್ನಣೆ: ರೂವಾರಿಯ ಬಿರುದಿನಿಂದ ಗಣಕಯಂತ್ರದ ಸಹಭಾಗಿಪತ್ರದವರೆಗೆ

೧

ಗಣಕಯಂತ್ರದ ಬಿಡಿಭಾಗಗಳನ್ನು ತರಿಸಿ, ಗಿರಾಕಿಯ ಅಗತ್ಯವನ್ನೂ ಕೈಯಲ್ಲಿರುವ ಹಣವನ್ನೂ ನೋಡಿ ಯಂತ್ರವನ್ನು ಜೋಡಿಸಿಕೊಡುವ ಅಂಗಡಿಗಳು ಮೈಸೂರು ನಗರದ ವಾಚಕರಿಗೆ ಅಪರಿಚಿತವಲ್ಲ. ಇಂಥ ಅಂಗಡಿಗಳ ಗೋಡೆಯ ಮೇಲೆ, ದೇವರ ಪಟದ ಪಕ್ಕದಲ್ಲಿ, ಚೌಕಟ್ಟು ಹಾಕಿಸಿದ ಪತ್ರವೊಂದು ಅನೇಕ ವೇಳೆ ಕಾಣುತ್ತದೆ. ಪ್ರೊಸೆಸರನ್ನೋ ತಂತ್ರಾಂಶವನ್ನೋ ತಯಾರಿಸುವ ದೊಡ್ಡ ಸಂಸ್ಥೆಯೊಂದು ಈ ಅಂಗಡಿಯನ್ನು ತನ್ನ ಪರಿಣತ ಸಹಭಾಗಿಯೆಂದು ಒಪ್ಪಿದೆ ಎಂಬುದು ಅದರ ಸಾರಾಂಶ. ವ್ಯಾಪಾರಿಗಳು ಇದನ್ನು ಪಾರ್ಟ್‌ನರ್ ಸರ್ಟಿಫಿಕೇಟ್ ಎನ್ನುತ್ತಾರೆ. ಈ ಲೇಖನದಲ್ಲಿ ನಾವು ಇದನ್ನು ಸಹಭಾಗಿಪತ್ರವೆಂದು ಕರೆಯುತ್ತೇವೆ.

ಈ ಪತ್ರವನ್ನು ಕೇವಲ ಇಂದಿನ ವಾಣಿಜ್ಯದ ಒಂದು ಉಪಾಯವೆಂದು ಭಾವಿಸಿ ಇತಿಹಾಸದ ಅಭ್ಯಾಸಿಗಳು ಅದನ್ನು ಬದಿಗಿಡುವುದು ಸಹಜ. ಆದರೆ ಒಬ್ಬನು ಮಾಡಿದ ಕೆಲಸದ ಗುಣವನ್ನು ಇನ್ನೊಬ್ಬನು ತನ್ನ ಹೆಸರಿನ ಬಲದಿಂದ ಸಮರ್ಥಿಸುವ ವ್ಯವಸ್ಥೆ ಕನ್ನಡ ನಾಡಿನಲ್ಲಿ ಸಾವಿರದ ಇನ್ನೂರು ವರ್ಷಗಳಿಗೂ ಹಿಂದಿನಿಂದ ಬಂದುದಾಗಿದೆ. ಶಾಸನಗಳಲ್ಲಿ ಅದು ಬಿರುದು ಮತ್ತು ಪಟ್ಟಗಳ ರೂಪದಲ್ಲಿಯೂ, ವಸ್ತುಪ್ರದರ್ಶನಗಳಲ್ಲಿ ಪದಕದ ರೂಪದಲ್ಲಿಯೂ, ಇಂದಿನ ಕಾನೂನಿನಲ್ಲಿ ನೋಂದಣಿಯ ರೂಪದಲ್ಲಿಯೂ ಕಾಣಿಸಿಕೊಳ್ಳುತ್ತದೆ. ಈ ರೂಪಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡುವಾಗ ನಾವು ಮೂರು ಪ್ರಶ್ನೆಗಳನ್ನು ಕೇಳಬೇಕಾಗುತ್ತದೆ. ಮನ್ನಣೆಯನ್ನು ಕೊಡುವವರು ಯಾರು? ಯಾವುದನ್ನು ಪರೀಕ್ಷಿಸಿ ಕೊಡುತ್ತಾರೆ? ಕೊನೆಗೆ ಉಳಿಯುವುದು ಯಾರ ಹೆಸರು? ಇವುಗಳಲ್ಲಿ ಮೂರನೆಯದೇ ಮುಖ್ಯವೆಂಬುದು ನಮ್ಮ ಅಭಿಪ್ರಾಯ.

೨

ಮೊದಲನೆಯ ನಿದರ್ಶನ ಪಟ್ಟದಕಲ್ಲಿನದು. ಬಾದಾಮಿಯ ಚಾಲುಕ್ಯ ದೊರೆ ಇಮ್ಮಡಿ ವಿಕ್ರಮಾದಿತ್ಯನು ಕಂಚಿಯನ್ನು ಮೂರು ಬಾರಿ ಗೆದ್ದುದರ ನೆನಪಿಗಾಗಿ ಅವನ ರಾಣಿ ಲೋಕಮಹಾದೇವಿಯು ಎಂಟನೆಯ ಶತಮಾನದ ನಡುಭಾಗದಲ್ಲಿ ಅಲ್ಲಿ ಕಟ್ಟಿಸಿದ ಲೋಕೇಶ್ವರ ದೇವಾಲಯವೇ ಈಗ ವಿರೂಪಾಕ್ಷ ದೇವಾಲಯವೆಂದು ಪ್ರಸಿದ್ಧವಾಗಿದೆ. ಅಲ್ಲಿನ ಹಳಗನ್ನಡ ಶಾಸನವೊಂದು ಆ ಗುಡಿಯ ಸೂತ್ರಧಾರಿಯಾದ ಗುಂಡ ಅನಿವಾರಿತಾಚಾರಿಯ ಹೆಸರನ್ನು ಹೇಳಿ, ಅವನಿಗೆ ತ್ರಿಭುವನಾಚಾರಿಯೆಂಬ ಬಿರುದೂ ಪೆರ್ಜೆರೆಪು ಎಂಬ ಗೌರವಪಟ್ಟವೂ ದೊರೆತುದನ್ನು ತಿಳಿಸುತ್ತದೆ. ಇನ್ನೊಂದು ಶಾಸನವು ಸರ್ವಸಿದ್ಧಿ ಆಚಾರಿಯನ್ನು ತೆಂಕಣ ದಿಕ್ಕಿನ ಸೂತ್ರಧಾರಿಯೆಂದು ಹೊಗಳುತ್ತದೆ. ಕಟ್ಟಡ, ಪ್ರಾಸಾದ, ವಾಹನ, ಆಸನ, ಶಯನ, ಮಣಿಮಕುಟಗಳ ನಿರ್ಮಾಣದಲ್ಲಿ ಅವನಿಗಿದ್ದ ಪರಿಣತಿಯನ್ನು ಎಣಿಸಿ ಹೇಳುತ್ತದೆ.

ಇಲ್ಲಿ ಗಮನಿಸತಕ್ಕ ಅಂಶಗಳು ಎರಡು. ಬಿರುದು ದೊರೆತದ್ದು ಕುಲಕ್ಕಾಗಲಿ ಪದವಿಗಾಗಲಿ ಅಲ್ಲ, ಕಣ್ಣೆದುರಿಗೆ ನಿಂತಿರುವ ಒಂದು ಕೆಲಸಕ್ಕೆ. ಕೊಟ್ಟವರೂ ಕೆಲಸವನ್ನು ಮಾಡಿಸಿದವರೇ. ಎರಡನೆಯದಾಗಿ, ಅನಿವಾರಿತಾಚಾರಿಯ ಮನ್ನಣೆಯನ್ನು ಹೇಳುವ ಶಾಸನ ಆ ಸೀಮೆಯ ಕುಶಲಿಗಳ ಸಮುದಾಯವನ್ನು ಬಹಿಷ್ಕಾರಕ್ಕೆ ಗುರಿಪಡಿಸಬಾರದೆಂಬ ಮಾತನ್ನೂ ಒಳಗೊಂಡಿದೆಯೆಂದು ಶಾಸನತಜ್ಞರು ಅರ್ಥಮಾಡಿದ್ದಾರೆ. ಈ ಅರ್ಥವನ್ನು ಒಪ್ಪುವುದಾದರೆ, ಒಬ್ಬ ಸೂತ್ರಧಾರಿಯ ಗೌರವ ಅವನ ಜೊತೆಗಾರರಿಗೂ ನೆರಳಾಯಿತೆಂದು ಹೇಳಬೇಕಾಗುತ್ತದೆ. ವ್ಯಕ್ತಿಯ ಹೆಸರು ಕಲ್ಲಿನಲ್ಲಿ ನಿಂತಿತು. ಅದರ ಪ್ರಯೋಜನ ಸಮುದಾಯಕ್ಕೆ ಹರಿಯಿತು.

೩

ಹೊಯ್ಸಳರ ಕಾಲಕ್ಕೆ ಬಂದರೆ ಇನ್ನೊಂದು ಬಗೆಯ ಸಾಕ್ಷ್ಯ ಹೇರಳವಾಗಿ ದೊರೆಯುತ್ತದೆ. ೧೧೧೭ರಲ್ಲಿ ಪ್ರತಿಷ್ಠೆಗೊಂಡ ಬೇಲೂರಿನ ಚೆನ್ನಕೇಶವ ದೇವಾಲಯದಲ್ಲಿ ಶಿಲ್ಪಿಗಳು ತಮ್ಮ ಹೆಸರು, ತಂದೆಯ ಹೆಸರು, ಊರು ಮತ್ತು ಬಿರುದುಗಳನ್ನು ತಾವೇ ಕೆತ್ತಿಕೊಂಡಿದ್ದಾರೆ. ಬಳ್ಳಿಗಾವೆಯ ದಾಸೋಜ ಮತ್ತು ಅವನ ಮಗ ಚಾವಣ ಇವರಲ್ಲಿ ಪ್ರಸಿದ್ಧರು. ಬಿರುದು ಹೊತ್ತ ಇತರ ರೂವಾರಿಗಳು ಮನ್ಮಥನಾದರೆ ತಾನು ಅವರನ್ನು ಸುಡುವ ಮಹೇಶ್ವರನೆಂದು ಚಾವಣನು ಹೇಳಿಕೊಂಡಿದ್ದಾನೆ. ಈ ಮಾತಿನಲ್ಲಿ ಗರ್ವವಿದೆ, ನಿಜ. ಆದರೆ ಇತಿಹಾಸಕಾರನಿಗೆ ಅದರಲ್ಲಿ ಇನ್ನೂ ಬೆಲೆಯುಳ್ಳ ಸಂಗತಿಯಿದೆ. ಬಿರುದು ಪಡೆದ ರೂವಾರಿಗಳೆಂಬ ಒಂದು ವರ್ಗವೇ ಆ ಕಾಲದಲ್ಲಿತ್ತು, ಅವರಲ್ಲಿ ಪರಸ್ಪರ ಸ್ಪರ್ಧೆಯಿತ್ತು ಎಂಬುದು ಅದರಿಂದ ತಿಳಿದುಬರುತ್ತದೆ. ಊರೂರಿಗೆ ಕೆಲಸ ಹುಡುಕಿ ಹೋಗುವ ಶಿಲ್ಪಿಗೆ ಬಿರುದು ಒಂದು ಪರಿಚಯಪತ್ರವಾಗಿಯೂ ನಡೆಯಿತೆಂದು ಊಹಿಸಬಹುದು.

ನಮ್ಮ ನಗರಕ್ಕೆ ಹತ್ತಿರವಾದ ಸೋಮನಾಥಪುರದಲ್ಲಿ ಈ ವಿಷಯ ಮತ್ತಷ್ಟು ಸ್ಪಷ್ಟವಾಗುತ್ತದೆ. ಮೂರನೆಯ ನರಸಿಂಹನ ದಂಡನಾಯಕನಾದ ಸೋಮನಾಥನು ಕಟ್ಟಿಸಿದ, ಹದಿಮೂರನೆಯ ಶತಮಾನದಲ್ಲಿ ಪ್ರತಿಷ್ಠೆಗೊಂಡ ಕೇಶವ ದೇವಾಲಯದ ಬಾಗಿಲಲ್ಲಿ ದೊಡ್ಡ ಶಿಲಾಶಾಸನವಿದೆ. ಅದರಲ್ಲಿ ಕಟ್ಟಿಸಿದವನ ಕೀರ್ತಿಯೂ ದಾನದತ್ತಿಗಳ ವಿವರವೂ ತುಂಬಿವೆ. ರೂವಾರಿಗಳ ಹೆಸರನ್ನು ನೋಡಬೇಕಾದರೆ ಒಳಗೆ ಹೋಗಿ, ಹೊರಗೋಡೆಯ ವಿಗ್ರಹಗಳ ಪೀಠದ ಕಡೆಗೆ ಬಗ್ಗಬೇಕು. ಮಲ್ಲಿತಮ್ಮ, ಬಾಲೆಯ, ಚೌಡೆಯ, ಬಾಮಯ, ಮಸಣಿತಮ್ಮ, ಭರ್ಮಯ, ನಂಜಯ, ಯಲಮಸಯ ಮುಂತಾದ ಹೆಸರುಗಳು ಅಲ್ಲಿ ಸಿಕ್ಕುತ್ತವೆ. ಮೈಸೂರು ಪುರಾತತ್ತ್ವ ಇಲಾಖೆಯ ನಿರ್ದೇಶಕರಾಗಿದ್ದ ಆರ್. ನರಸಿಂಹಾಚಾರ್ಯರು ೧೯೧೭ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಹೆಸರುಗಳನ್ನು ಎಣಿಸಿ, ಯಾವ ವಿಗ್ರಹ ಯಾರದೆಂಬುದನ್ನು ಗುರುತಿಸಿದರು. ಅವುಗಳಲ್ಲಿ ಸುಮಾರು ನಲವತ್ತು ಮಲ್ಲಿತಮ್ಮನವು.

ಹೀಗೆ ಒಂದೇ ಕಟ್ಟಡದಲ್ಲಿ ಎರಡು ಬಗೆಯ ಹೆಸರುಗಳಿವೆ. ಬಾಗಿಲಲ್ಲಿರುವುದು ಹಣ ಹಾಕಿದವನದು. ಪೀಠದಲ್ಲಿರುವುದು ಕೈ ಹಾಕಿದವನದು. ಎರಡನ್ನೂ ಒಂದೇ ಕಲ್ಲಿನ ಆಶ್ರಯ ಕಾಪಾಡಿದೆ. ೨೦೨೩ರಲ್ಲಿ ಬೇಲೂರು ಹಳೇಬೀಡುಗಳೊಡನೆ ಸೋಮನಾಥಪುರವೂ ಯುನೆಸ್ಕೋದ ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ, ಏಳೂವರೆ ಶತಮಾನಗಳ ಬಳಿಕವೂ ಮಲ್ಲಿತಮ್ಮನ ಹೆಸರನ್ನು ಹೇಳುವುದು ಸಾಧ್ಯವಾದದ್ದು ಅವನು ಅದನ್ನು ಕೆತ್ತಿಟ್ಟದ್ದರಿಂದ. ಕನ್ನಡ ನಾಡಿನ ಬಾಯಿಮಾತಿನಲ್ಲಿ ಎಲ್ಲ ಹೊಯ್ಸಳ ಗುಡಿಗಳ ಕೀರ್ತಿಯೂ ಐತಿಹ್ಯದ ಪುರುಷನಾದ ಜಕಣಾಚಾರಿಗೆ ಸಲ್ಲುತ್ತದೆ. ಸರ್ಕಾರ ಶಿಲ್ಪಿಗಳಿಗೆ ಕೊಡುವ ಪ್ರಶಸ್ತಿಗೂ ಅವನದೇ ಹೆಸರು. ಅದನ್ನು ಆಕ್ಷೇಪಿಸಬೇಕಾಗಿಲ್ಲ. ಆದರೆ ಕತೆ ಒಂದು ಹೆಸರನ್ನು ಹಿಡಿದುಕೊಂಡರೆ ಪೀಠದ ಬರಹ ಹತ್ತಾರು ಹೆಸರುಗಳನ್ನು ಹಿಡಿದಿಡುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಮರೆಯಬಾರದು.

೪

ಮೈಸೂರು ಸಂಸ್ಥಾನದ ಕಾಲದಲ್ಲಿ ಮನ್ನಣೆಯ ವ್ಯವಸ್ಥೆ ಹೊಸ ರೂಪವನ್ನು ತಾಳಿತು. ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಹತ್ತನೆಯ ಚಾಮರಾಜ ಒಡೆಯರ ಹೆಸರಿನೊಡನೆ ಸೇರಿಬಂದಿರುವ ದಸರಾ ವಸ್ತುಪ್ರದರ್ಶನ ಇದರ ಮುಖ್ಯ ವೇದಿಕೆ. ೧೮೫೧ರ ಲಂಡನ್ ಮಹಾಪ್ರದರ್ಶನದ ಅನಂತರ ಎಲ್ಲ ಕಡೆಯೂ ಹರಡಿದ ಪದ್ಧತಿಯಂತೆ, ಕುಶಲವಸ್ತುಗಳನ್ನು ಒಂದೆಡೆ ತರಿಸಿ, ಹೋಲಿಸಿ ನೋಡಿ, ಉತ್ತಮವಾದವುಗಳಿಗೆ ಪದಕವನ್ನೂ ಪ್ರಶಂಸಾಪತ್ರವನ್ನೂ ಕೊಡುವುದು ಇಂಥ ಪ್ರದರ್ಶನಗಳ ಕ್ರಮ. ಬಿರುದಿಗೂ ಪದಕಕ್ಕೂ ಇರುವ ವ್ಯತ್ಯಾಸ ಸಣ್ಣದಲ್ಲ. ಬಿರುದನ್ನು ಕೊಡುವವನು ತಾನೇ ಕೆಲಸ ಮಾಡಿಸಿದವನು. ಪದಕವನ್ನು ಕೊಡುವವನು ತೀರ್ಪುಗಾರ. ಅವನಿಗೆ ಆ ವಸ್ತುವಿನ ಅಗತ್ಯವೇ ಇರಬೇಕಾಗಿಲ್ಲ. ಅವನ ತೀರ್ಪನ್ನು ನಂಬಿ ಮೂರನೆಯವನೊಬ್ಬನು ಕೊಳ್ಳುತ್ತಾನೆ. ಮನ್ನಣೆಯು ಹೀಗೆ ಅರಮನೆಯಿಂದ ಮಾರುಕಟ್ಟೆಗೆ ನಡೆಯಿತು.

ಇದೇ ಕಾಲದಲ್ಲಿ ಕುಶಲತೆಯನ್ನು ಶಾಲೆಯಲ್ಲಿ ಕಲಿಸಿ, ಪರೀಕ್ಷಿಸಿ, ಪತ್ರ ಕೊಡುವ ವ್ಯವಸ್ಥೆಯೂ ಬೆಳೆಯಿತು. ೧೮೯೨ರಲ್ಲಿ ಕೈಗಾರಿಕಾ ಶಾಲೆಯಾಗಿ ಹುಟ್ಟಿದ ಸಂಸ್ಥೆ ಮುಂದೆ ಚಾಮರಾಜೇಂದ್ರ ತಾಂತ್ರಿಕ ಸಂಸ್ಥೆಯಾಯಿತು. ಸಯ್ಯಾಜಿರಾವ್ ರಸ್ತೆಯಲ್ಲಿರುವ ಅದರ ಕಟ್ಟಡಕ್ಕೆ ೧೯೦೬ರಲ್ಲಿ, ಆಗ ವೇಲ್ಸಿನ ರಾಜಕುಮಾರರಾಗಿದ್ದು ಮುಂದೆ ಐದನೆಯ ಜಾರ್ಜ್ ದೊರೆಯಾದವರು ಅಸ್ತಿವಾರದ ಕಲ್ಲನ್ನಿಟ್ಟರು. ಬೀಟೆಮರದಲ್ಲಿ ಚಿತ್ರವನ್ನು ಕೊರೆದು ದಂತವನ್ನೋ ಬೇರೆ ಬಣ್ಣದ ಮರವನ್ನೋ ಕೂಡಿಸುವ ಮೈಸೂರಿನ ಕಸುಬಿಗೂ ಈ ಸಂಸ್ಥೆಗೂ ಹತ್ತಿರದ ಸಂಬಂಧವಿತ್ತು. ಈ ಕಸುಬಿನ ಸ್ವರೂಪವನ್ನು ಸ್ವಲ್ಪ ವಿಚಾರಿಸಿದರೆ ನಮ್ಮ ಮೂರನೆಯ ಪ್ರಶ್ನೆಯ ತೊಡಕು ಗೋಚರಿಸುತ್ತದೆ. ಚಿತ್ರವನ್ನು ಬರೆಯುವುದು, ತುಂಡುಗಳನ್ನು ಕೊಯ್ಯುವುದು, ಹಲಗೆಯಲ್ಲಿ ಗುಳಿ ತೆಗೆದು ಕೂರಿಸುವುದು, ಉಜ್ಜಿ ಹೊಳಪು ಕೊಡುವುದು ಬೇರೆ ಬೇರೆ ಕೈಗಳ ಕೆಲಸವಾಗಿರಬಹುದು. ಪದಕ ಮಾತ್ರ ವಸ್ತುವನ್ನು ಪ್ರದರ್ಶನಕ್ಕೆ ತಂದವನಿಗೆ ಸಲ್ಲುತ್ತದೆ.

ಅರಮನೆಯ ವಿಷಯವೂ ಹೀಗೆಯೇ. ೧೮೯೭ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಬಳಿಕ ಹೊಸ ಅರಮನೆಯ ಕೆಲಸ ೧೯೧೨ರವರೆಗೆ ನಡೆಯಿತು. ವಿನ್ಯಾಸಕಾರ ಹೆನ್ರಿ ಇರ್ವಿನ್ನರ ಹೆಸರು ಪ್ರವಾಸಿಗರ ಕೈಪಿಡಿಯಲ್ಲೂ ಇದೆ. ಕೆಲಸವನ್ನು ನಡೆಸಿದ ಎಂಜಿನಿಯರ್ ಬಿ. ಪಿ. ರಾಘವುಲು ನಾಯುಡು ಅವರನ್ನು ಅಭ್ಯಾಸಿಗಳು ಬಲ್ಲರು. ಬಾಗಿಲುಗಳನ್ನು ಕೊರೆದವರ, ಕಂಬಗಳನ್ನು ಕಡೆದವರ ಹೆಸರುಗಳನ್ನು ಅದೇ ರೀತಿಯಲ್ಲಿ ನೋಡುಗರು ಓದುವಂತಿಲ್ಲ. ಹದಿಮೂರನೆಯ ಶತಮಾನದ ಗುಡಿಯಲ್ಲಿ ದೊರೆತ ಸೌಕರ್ಯ ಇಪ್ಪತ್ತನೆಯ ಶತಮಾನದ ಅರಮನೆಯಲ್ಲಿ ದೊರೆಯದೆ ಹೋದದ್ದು ಯೋಚಿಸತಕ್ಕ ವಿಷಯ.

೫

ಸ್ವಾತಂತ್ರ್ಯಾನಂತರ ಎರಡು ಧಾರೆಗಳು ಅಕ್ಕಪಕ್ಕದಲ್ಲಿ ಹರಿದಿವೆ. ಒಂದು, ವ್ಯಕ್ತಿಗೆ ಸಲ್ಲುವ ಗೌರವ. ಕೇಂದ್ರ ಸರ್ಕಾರವು ೧೯೬೫ರಿಂದ ನಿಪುಣ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿಯನ್ನು ಕೊಡುತ್ತ ಬಂದಿದೆ. ೨೦೦೨ರಲ್ಲಿ ಶಿಲ್ಪಗುರು ಪ್ರಶಸ್ತಿ ಅದಕ್ಕೆ ಸೇರಿತು. ಇನ್ನೊಂದು, ಊರಿನ ಹೆಸರಿಗೆ ಸಲ್ಲುವ ರಕ್ಷಣೆ. ೧೯೯೯ರಲ್ಲಿ ಅಂಗೀಕಾರಗೊಂಡು ೨೦೦೩ರಲ್ಲಿ ಜಾರಿಗೆ ಬಂದ ಭೌಗೋಳಿಕ ಸೂಚಿಕೆಗಳ ಕಾಯಿದೆಯ ಪ್ರಕಾರ ಮೈಸೂರು ರೇಷ್ಮೆ, ಮೈಸೂರು ಬೀಟೆಮರದ ಕೆತ್ತುಗೂಡಿಕೆ, ಮೈಸೂರು ಸಾಂಪ್ರದಾಯಿಕ ಚಿತ್ರಕಲೆ, ಮೈಸೂರಿನ ಗಂಜೀಫಾ ಎಲೆಗಳು ಮೊದಲಾದವು ನೋಂದಣಿಯಾಗಿವೆ.

ಈ ಕಾಯಿದೆಯಲ್ಲಿ ನಮ್ಮ ವಿಷಯಕ್ಕೆ ನೇರವಾಗಿ ಸಂಬಂಧಿಸಿದ ಒಂದು ಭೇದವಿದೆ. ನೋಂದಾಯಿತ ಸ್ವಾಮಿ ಬೇರೆ, ಅಧಿಕೃತ ಬಳಕೆದಾರ ಬೇರೆ. ಹೆಸರನ್ನು ನೋಂದಾಯಿಸಿಕೊಳ್ಳುವುದು ಉತ್ಪಾದಕರ ಸಂಘವೋ ಅಧಿಕಾರಸಂಸ್ಥೆಯೋ ಆಗಿರುತ್ತದೆ. ಮೈಸೂರು ರೇಷ್ಮೆಯ ವಿಷಯದಲ್ಲಿ ಅದು ಕರ್ನಾಟಕ ರೇಷ್ಮೆ ಉದ್ಯಮಗಳ ನಿಗಮ. ಆ ಹೆಸರಿನಲ್ಲಿ ವಸ್ತುವನ್ನು ತಯಾರಿಸುವವನು ಅಧಿಕೃತ ಬಳಕೆದಾರನೆಂದು ಬೇರೆಯಾಗಿ ನೋಂದಾಯಿಸಿಕೊಳ್ಳಬಹುದು. ನೋಂದಣಿಯ ಅವಧಿ ಹತ್ತು ವರ್ಷ; ಮತ್ತೆ ಮತ್ತೆ ನವೀಕರಿಸಬಹುದು. ಇಲ್ಲಿ ಮಾಡುವವನು ತನ್ನ ಹೆಸರಿನಿಂದ ನಿಲ್ಲುವುದಿಲ್ಲ. ಊರಿನ ಹೆಸರನ್ನು ಬಳಸುವ ಹಕ್ಕಿನಿಂದ ನಿಲ್ಲುತ್ತಾನೆ. ಗಣಕಯಂತ್ರದ ಸಹಭಾಗಿಪತ್ರಕ್ಕೆ ಇದಕ್ಕಿಂತ ಹತ್ತಿರದ ಪೂರ್ವರೂಪವನ್ನು ನಾವು ಕಾಣೆವು.

೬

ಈಗ ಗಣಕಯಂತ್ರದ ವೃತ್ತಿಗೆ ಬರೋಣ. ಮೈಸೂರು ಈ ವೃತ್ತಿಗೆ ಹೊಸದಲ್ಲ. ೧೯೭೮ರಲ್ಲಿ ಐ.ಬಿ.ಎಂ. ಸಂಸ್ಥೆ ಭಾರತದಿಂದ ನಿರ್ಗಮಿಸಿದ ಮೇಲೆ ದೇಶೀಯ ತಯಾರಕರಿಗೆ ಅವಕಾಶ ತೆರೆಯಿತು; ೧೯೮೦ರ ದಶಕದಲ್ಲಿ ವಿಪ್ರೊ ಸಂಸ್ಥೆ ತನ್ನ ಗಣಕಯಂತ್ರಗಳನ್ನು ಮೈಸೂರಿನಲ್ಲಿ ತಯಾರಿಸಿತು. ೧೯೮೮ರಲ್ಲಿ ಇಲ್ಲಿಯೇ ಆರಂಭವಾದ ಕೇನ್ಸ್ ಸಂಸ್ಥೆ ಇತರ ಕಂಪೆನಿಗಳಿಗಾಗಿ ಎಲೆಕ್ಟ್ರಾನಿಕ್ ಫಲಕಗಳನ್ನು ಜೋಡಿಸಿಕೊಡುವ ಉದ್ಯಮವಾಗಿ ಬೆಳೆದಿದೆ. ಮಾಡುವ ಕೈ ಒಂದು ಕಡೆ, ವಸ್ತುವಿನ ಮೇಲಿನ ಹೆಸರು ಇನ್ನೊಂದು ಕಡೆ ಎಂಬುದು ಈ ಉದ್ಯಮದ ಸಾಮಾನ್ಯ ಲಕ್ಷಣ.

ಬಿಡಿಭಾಗಗಳನ್ನು ಜೋಡಿಸುವ ಅಂಗಡಿಯಲ್ಲಿ ಈ ಲಕ್ಷಣ ಇನ್ನೂ ತೀಕ್ಷ್ಣವಾಗುತ್ತದೆ. ಗಿರಾಕಿಯು ಪೆಟ್ಟಿಗೆಯನ್ನು ತೆರೆದು ನೋಡುವುದಿಲ್ಲ. ನೋಡಿದರೂ ಮದರ್‌ಬೋರ್ಡು ಸರಿಯಾಗಿ ಕೂತಿದೆಯೇ, ಪ್ರೊಸೆಸರಿನ ಮೇಲಿನ ಶಾಖಹಾರಕ ಬಿಗಿಯಾಗಿದೆಯೇ, ವಿದ್ಯುತ್ತನ್ನು ಒದಗಿಸುವ ಘಟಕ ಭಾರವನ್ನು ತಾಳೀತೇ ಎಂಬುದು ಅವನಿಗೆ ತಿಳಿಯದು. ಸೋಮನಾಥನು ವಿಗ್ರಹವನ್ನು ಕಣ್ಣಾರೆ ನೋಡಿ ಮೆಚ್ಚಬಹುದಾಗಿತ್ತು. ಗಣಕಯಂತ್ರವನ್ನು ಕೊಳ್ಳುವವನಿಗೆ ಆ ಸೌಕರ್ಯವಿಲ್ಲ. ಕಣ್ಣು ಕೆಲಸ ಮಾಡದ ಕಡೆ ಹೆಸರನ್ನು ನಂಬಬೇಕಾಗುತ್ತದೆ. ಇದನ್ನು ಚೆನ್ನಾಗಿ ಅರಿತ ಇಂಟೆಲ್ ಸಂಸ್ಥೆ ೧೯೯೧ರಲ್ಲಿ 'ಇಂಟೆಲ್ ಇನ್‌ಸೈಡ್' ಎಂಬ ಪ್ರಚಾರವನ್ನು ಆರಂಭಿಸಿ, ಪೆಟ್ಟಿಗೆಯೊಳಗೆ ಅಡಗಿರುವ ಭಾಗದ ಹೆಸರನ್ನು ಪೆಟ್ಟಿಗೆಯ ಹೊರಗೆ ಅಂಟಿಸುವಂತೆ ಮಾಡಿತು. ಆ ಗುರುತನ್ನು ಬಳಸಿದ ತಯಾರಕರ ಜಾಹೀರಾತಿನ ವೆಚ್ಚದಲ್ಲಿ ಒಂದು ಪಾಲನ್ನು ತಾನೂ ಹೊತ್ತಿತು.

ಸಹಭಾಗಿಪತ್ರ ಇದರ ಮುಂದಿನ ಹೆಜ್ಜೆ. ಭಾಗದ ಹೆಸರಿನ ಬಲವನ್ನು ಅದು ಜೋಡಿಸುವವನಿಗೂ ಸ್ವಲ್ಪ ಹಂಚುತ್ತದೆ. ಇಂಟೆಲ್ ೨೦೨೧ರಲ್ಲಿ ತನ್ನ ಸಹಭಾಗಿಗಳ ವ್ಯವಸ್ಥೆಗಳನ್ನು 'ಪಾರ್ಟ್‌ನರ್ ಅಲಯನ್ಸ್' ಎಂಬ ಒಂದೇ ಹೆಸರಿನಡಿಯಲ್ಲಿ ಕೂಡಿಸಿದಾಗ ಮೆಂಬರ್, ಗೋಲ್ಡ್, ಟೈಟೇನಿಯಮ್ ಎಂಬ ಮೂರು ದರ್ಜೆಗಳನ್ನು ಏರ್ಪಡಿಸಿತು. ಇಂಥ ವ್ಯವಸ್ಥೆಗಳಲ್ಲಿ ಮೇಲಿನ ದರ್ಜೆಗೆ ಏರಿದ ಅಂಗಡಿಗೆ ತರಬೇತಿ, ತಾಂತ್ರಿಕ ಸಲಹೆ, ಪ್ರಚಾರದ ನೆರವು, ಗುರುತುಚಿಹ್ನೆಯನ್ನು ಬಳಸುವ ಹಕ್ಕು ಮುಂತಾದ ಅನುಕೂಲಗಳು ದೊರೆಯುತ್ತವೆ. ಅದಕ್ಕೆ ಪ್ರತಿಯಾಗಿ ಅಂಗಡಿಯು ಸಿಬ್ಬಂದಿಯ ತರಬೇತಿಯನ್ನೂ ವ್ಯಾಪಾರದ ಪ್ರಮಾಣವನ್ನೂ ತೋರಿಸಬೇಕಾಗುತ್ತದೆ.

ಇಲ್ಲಿಯೇ ನಮ್ಮ ಎರಡನೆಯ ಪ್ರಶ್ನೆಗೆ ಎಡೆಯಿದೆ. ತರಬೇತಿ ಕುಶಲತೆಯ ಅಳತೆ. ವ್ಯಾಪಾರ ಮಾರಾಟದ ಅಳತೆ. ಎರಡನ್ನೂ ಒಂದೇ ಏಣಿಯ ಮೆಟ್ಟಿಲುಗಳಾಗಿ ಮಾಡಿದಾಗ, ಗೋಡೆಯ ಮೇಲಿನ ಪತ್ರವನ್ನು ನೋಡುವ ಗಿರಾಕಿಗೆ ಈ ಅಂಗಡಿ ಚೆನ್ನಾಗಿ ಜೋಡಿಸಿದ್ದರಿಂದ ಮೇಲೇರಿತೋ ಹೆಚ್ಚಾಗಿ ಮಾರಿದ್ದರಿಂದ ಮೇಲೇರಿತೋ ತಿಳಿಯುವುದಿಲ್ಲ. ತಿಂಗಳಿಗೆ ಕೆಲವೇ ಯಂತ್ರಗಳನ್ನು ಎಚ್ಚರದಿಂದ ಜೋಡಿಸುವ ಸಣ್ಣ ಅಂಗಡಿಯವನು ಎಷ್ಟೇ ನಿಪುಣನಾದರೂ ಕೆಳಗಿನ ಮೆಟ್ಟಿಲಲ್ಲಿಯೇ ಉಳಿಯಬಹುದು.

ಮನ್ನಣೆಯ ಬಾಳಿಕೆಯೂ ವಿಚಾರಾರ್ಹ. ದಾನಶಾಸನಗಳು ಸೂರ್ಯಚಂದ್ರರಿರುವವರೆಗೆ ತಮ್ಮ ಮಾತು ನಡೆಯಲೆಂದು ಹಾರೈಸಿದರೆ, ಸಹಭಾಗಿಪತ್ರ ಗೊತ್ತಾದ ಅವಧಿಗೆ ಮಾತ್ರ ನಡೆಯುತ್ತದೆ. ಕೊಟ್ಟವರು ನಿಯಮವನ್ನು ಬದಲಿಸಿದರೆ ಪಡೆದವರು ಒಪ್ಪಲೇಬೇಕು. ಮೈಕ್ರೋಸಾಫ್ಟ್ ಸಂಸ್ಥೆ ೨೦೨೨ರ ಅಕ್ಟೋಬರಿನಲ್ಲಿ ಚಿನ್ನ, ಬೆಳ್ಳಿ ಎಂಬ ಹಳೆಯ ದರ್ಜೆಗಳ ಬದಲಿಗೆ ಬೇರೊಂದು ವ್ಯವಸ್ಥೆಯನ್ನು ತಂದದ್ದು ಇದಕ್ಕೆ ನಿದರ್ಶನ. ಇದರಲ್ಲಿ ದೋಷ ಮಾತ್ರವೇ ಇದೆಯೆಂದು ಹೇಳಲಾಗದು. ವರ್ಷಗಳ ಹಿಂದೆ ಪಡೆದ ಪದಕವನ್ನು ತೋರಿಸಿ ಇಂದು ಕಳಪೆ ಕೆಲಸ ಮಾಡುವವನನ್ನು ತಡೆಯಲು ಹಳೆಯ ವ್ಯವಸ್ಥೆಯಲ್ಲಿ ಉಪಾಯವಿರಲಿಲ್ಲ. ಯಂತ್ರದ ಭಾಗಗಳೇ ವರ್ಷದಿಂದ ವರ್ಷಕ್ಕೆ ಬದಲಾಗುವಾಗ ಪರಿಣತಿಯನ್ನು ಮತ್ತೆ ಪರೀಕ್ಷಿಸುವುದು ನ್ಯಾಯವಾದದ್ದೇ. ಆದರೆ ಪರೀಕ್ಷೆಯ ನವೀಕರಣ ಒಂದು, ಹೆಸರಿನ ಹಿಂತೆಗೆತ ಇನ್ನೊಂದು.

ಕೊನೆಯದಾಗಿ, ಪತ್ರದಲ್ಲಿರುವುದು ಅಂಗಡಿಯ ಹೆಸರು. ಒಳಗಿನ ಮೇಜಿನ ಮುಂದೆ ಕುಳಿತು ಯಂತ್ರವನ್ನು ಜೋಡಿಸುವ ಹುಡುಗನ ಹೆಸರಲ್ಲ. ಅವನು ತರಬೇತಿಯನ್ನು ಪಡೆದು ಪರೀಕ್ಷೆಯಲ್ಲಿ ತೇರ್ಗಡೆಯಾದಾಗ ಆ ತೇರ್ಗಡೆ ಅಂಗಡಿಯ ಲೆಕ್ಕಕ್ಕೂ ಜಮೆಯಾಗುತ್ತದೆ. ಅವನು ಕೆಲಸವನ್ನು ಬಿಟ್ಟರೆ ತನ್ನ ಹೆಸರಿನಲ್ಲಿ ಪಡೆದ ಪ್ರಮಾಣಪತ್ರ ಅವನೊಡನೆ ಹೋಗುತ್ತದೆ. ಅವನ ಕೈಚಳಕದಿಂದ ಅಂಗಡಿ ಗಳಿಸಿದ ದರ್ಜೆ ಮಾತ್ರ ಹೋಗುವುದಿಲ್ಲ. ಆದಕಾರಣ ಈ ವೃತ್ತಿಗೆ ಹೋಗಲಿರುವ ನಮ್ಮ ವಿದ್ಯಾರ್ಥಿಗಳು ಈ ಎರಡು ಪತ್ರಗಳ ಭೇದವನ್ನು ಮೊದಲೇ ತಿಳಿದಿರಬೇಕು. ತನ್ನ ಹೆಸರಿನಲ್ಲಿರುವ ಪತ್ರ ಅವನ ಆಸ್ತಿ. ಅಂಗಡಿಯ ಹೆಸರಿನಲ್ಲಿರುವುದು ಅವನ ದುಡಿಮೆಯ ನೆರಳು.

೭

ಮೇಲಿನ ವಿವೇಚನೆಯಿಂದ ಹೊರಡುವ ತೀರ್ಮಾನವನ್ನು ಸಂಗ್ರಹವಾಗಿ ಹೇಳಬಹುದು. ಮನ್ನಣೆ ಎಲ್ಲ ಕಾಲದಲ್ಲಿಯೂ ನಂಬಿಕೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸುವ ಸಾಧನ. ಕೊಡುವವನೂ ಕೊಳ್ಳುವವನೂ ಒಬ್ಬನೇ ಆಗಿದ್ದ ಕಾಲದಲ್ಲಿ ಅದು ಮಾಡಿದವನ ಹೆಸರಿಗೆ ಸಂದಿತು. ಮಾರುಕಟ್ಟೆ ವಿಸ್ತಾರವಾಗಿ, ಕೊಳ್ಳುವವನು ದೂರವಾಗಿ, ಕೆಲಸವು ಕಣ್ಣಿಗೆ ಮರೆಯಾದಂತೆಲ್ಲ ಮಾಡಿದವನ ಹೆಸರು ಹಿಂದೆ ಸರಿದು ಪ್ರದರ್ಶಿಸಿದವನ, ಊರಿನ, ಕಂಪೆನಿಯ ಹೆಸರುಗಳು ಮುಂದೆ ಬಂದವು. ಕೊಳ್ಳುವವನಿಗೆ ಇದರಿಂದ ರಕ್ಷಣೆ ದೊರೆತಿದೆ. ಮಾಡುವವನಿಗೆ ಎಷ್ಟು ದೊರೆತಿದೆಯೆಂಬುದನ್ನು ಪ್ರತಿಯೊಂದು ಸಂದರ್ಭದಲ್ಲಿಯೂ ಬೇರೆಯಾಗಿಯೇ ಕೇಳಬೇಕು.

ಸೋಮನಾಥಪುರದ ಪೀಠಲೇಖನದ ಪದ್ಧತಿ ಇಂದಿಗೆ ಅಸಾಧ್ಯವಾದುದಲ್ಲ. ಯಂತ್ರವನ್ನು ಜೋಡಿಸಿ ಪರೀಕ್ಷಿಸಿದವನ ಹೆಸರನ್ನೂ ತಾರೀಖನ್ನೂ ಪೆಟ್ಟಿಗೆಯ ಒಳಬದಿಯಲ್ಲಿ ಬರೆದು, ಬಿಲ್ಲಿನಲ್ಲಿಯೂ ಕಾಣಿಸುವುದಕ್ಕೆ ಅಂಗಡಿಗೆ ಖರ್ಚೇನೂ ಇಲ್ಲ. ಯಂತ್ರ ಕೆಟ್ಟಾಗ ಹೊಣೆ ಯಾರದೆಂದು ಗಿರಾಕಿಗೆ ತಿಳಿಯುತ್ತದೆ. ಚೆನ್ನಾಗಿ ನಡೆದಾಗ ಕೀರ್ತಿ ಯಾರದೆಂದೂ ತಿಳಿಯುತ್ತದೆ. ಹೊಣೆಯನ್ನು ಹೊರಿಸಿ ಕೀರ್ತಿಯನ್ನು ತಡೆಹಿಡಿಯುವುದು ಮಾತ್ರ ಅನ್ಯಾಯವಾದೀತು.

ಇತಿಹಾಸ ವಿಭಾಗಗಳಿಗೂ ಇಲ್ಲಿ ಕೆಲಸವಿದೆ. ಮೈಸೂರಿನ ಕುಶಲಕರ್ಮಿಗಳ ಮನೆಗಳಲ್ಲಿ ಉಳಿದಿರಬಹುದಾದ ದಸರಾ ಪ್ರದರ್ಶನದ ಪದಕಗಳು, ಪ್ರಶಂಸಾಪತ್ರಗಳು, ಕೈಗಾರಿಕಾ ಶಾಲೆಗಳ ಪರೀಕ್ಷಾಪತ್ರಗಳು ಶಾಸನಗಳಷ್ಟೇ ಆದರಣೀಯವಾದ ಆಧಾರಗಳು. ಗಣಕಯಂತ್ರದ ಅಂಗಡಿಗಳ ಸಹಭಾಗಿಪತ್ರಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅಂಗಡಿ ಮುಚ್ಚಿದ ದಿನ ಅವು ರದ್ದಿಗೆ ಹೋಗುತ್ತವೆ, ಕಲ್ಲಿನ ಬಾಳಿಕೆ ಕಾಗದಕ್ಕಿಲ್ಲ. ಸ್ನಾತಕೋತ್ತರ ವಿದ್ಯಾರ್ಥಿಗಳು ತಮ್ಮ ತಮ್ಮ ಬೀದಿಗಳಲ್ಲಿ ಇಂಥ ಪತ್ರಗಳ ನಕಲುಗಳನ್ನು ಮಾಲೀಕರ ಒಪ್ಪಿಗೆಯಿಂದ ತೆಗೆದುಕೊಂಡು, ಯಾರು ಕೊಟ್ಟದ್ದು, ಯಾವ ವರ್ಷ, ಯಾವ ಕೆಲಸಕ್ಕೆ, ಆಗ ಅಲ್ಲಿ ದುಡಿಯುತ್ತಿದ್ದವರು ಯಾರು ಎಂಬ ನಾಲ್ಕು ವಿವರಗಳನ್ನು ಬರೆದಿಟ್ಟುಕೊಂಡರೆ ಸಾಕು. ನರಸಿಂಹಾಚಾರ್ಯರು ಸೋಮನಾಥಪುರದ ಪೀಠಗಳ ಮುಂದೆ ಮಾಡಿದ ಕೆಲಸವೂ ಮೂಲದಲ್ಲಿ ಇದೇ ಬಗೆಯದು: ಬಗ್ಗಿ ಓದಿ, ಹೆಸರನ್ನು ಬರೆದುಕೊಂಡದ್ದು.